ಎಚ್ಚರವಿದ್ದೇ ಪೊರೆಯ ಶಸ್ತ್ರಚಿಕಿತ್ಸೆ: ನೋವಿನ ಭಯವಲ್ಲ, ಅಲ್ಲಾಡಿಬಿಡುವ ಭಯ

ತುಂಗೆಯ ದಡ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನನಗೀಗ 66 ವರ್ಷ. ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತನಾದವನು. ಎರಡೂ ಕಣ್ಣುಗಳಲ್ಲಿ ಪೊರೆ ಬಂದಿದೆ, ಬಲಗಣ್ಣಿನದು ಹೆಚ್ಚು ಬಲಿತಿದೆ. ರಾತ್ರಿ ರಸ್ತೆಯಲ್ಲಿ ಎದುರಿನಿಂದ ಬರುವ ಬಸ್ಸಿನ ದೀಪ ಒಂದು ಹೋಗಿ ಹತ್ತಾಗಿ ಚೆದುರಿ ಕಾಣುತ್ತದೆ. ಮುಂದಿನ ತಿಂಗಳ ಎರಡನೆಯ ವಾರಕ್ಕೆ ಶಸ್ತ್ರಚಿಕಿತ್ಸೆ ಗೊತ್ತಾಗಿದೆ. ವೈದ್ಯರು ಬಹಳ ಸಂತೋಷದಿಂದ, "ಮೇಷ್ಟ್ರೇ, ನಿಮಗೆ ಇಂಜೆಕ್ಷನ್ ಕೂಡ ಬೇಡ, ಬರೀ ಹನಿ ಹಾಕಿ ಮಾಡಿಬಿಡುತ್ತೇವೆ, ನೀವು ಎಚ್ಚರವಾಗಿಯೇ ಇರುತ್ತೀರಿ" ಎಂದರು. ನನ್ನ ಸಮಾಧಾನಕ್ಕೆಂದು ಅವರು ಆಡಿದ ಆ ಮಾತೇ ನಾಲ್ಕು ದಿನದಿಂದ ನನ್ನ ನಿದ್ದೆ ಕೆಡಿಸಿದೆ.

ನನ್ನ ಭಯ ಯಾವುದೆಂದು ಬಿಡಿಸಿ ಹೇಳುತ್ತೇನೆ. ನೋವನ್ನು ತಡೆದುಕೊಳ್ಳಬಲ್ಲೆ. ಹಿಂದೆ ಹರ್ನಿಯಾದ ಆಪರೇಷನ್ ಆಗಿತ್ತು. ಆಗ ಪೂರ್ತಿ ಪ್ರಜ್ಞೆ ತಪ್ಪಿಸಿದ್ದರು, ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಎಲ್ಲ ಮುಗಿದಿತ್ತು, ಅಲ್ಲಿ ನಾನು ಮಾಡಬೇಕಾದ ಕೆಲಸವೇನೂ ಇರಲಿಲ್ಲ. ಈ ಸಲ ಅಲ್ಲಾಡದೆ ಮಲಗುವ ಹೊಣೆ ನನ್ನ ಮೇಲಿದೆ. ಆ ಹೊತ್ತಿಗೇ ಕೆಮ್ಮು ಬಂದರೆ ಏನು ಗತಿ? ರೆಪ್ಪೆ ತಾನಾಗಿ ಮುಚ್ಚಿಕೊಂಡರೆ? ಉಪಕರಣ ಹತ್ತಿರ ಬರುವುದನ್ನು ಕಂಡು ನನಗೆ ಗೊತ್ತಿಲ್ಲದೆಯೇ ತಲೆ ಪಕ್ಕಕ್ಕೆ ಸರಿದರೆ? ನನ್ನ ತಪ್ಪಿನಿಂದ ನನ್ನ ಕಣ್ಣೇ ಹೋಯಿತು ಎಂದಾಗಬಾರದಲ್ಲ!

ಮನೆಯವರು "ಹತ್ತು ನಿಮಿಷದ ಕೆಲಸ, ಇದಕ್ಕೂ ಹೆದರುತ್ತೀರಾ" ಎಂದು ನಗುತ್ತಾರೆ. ಪರೀಕ್ಷೆಯ ಕೊಠಡಿಯಲ್ಲಿ ಕೂತ ಮಕ್ಕಳಿಗೆ ಮೂವತ್ತು ವರ್ಷ "ಹೆದರಬೇಡಿ" ಎಂದು ಹೇಳಿಕೊಂಡು ಬಂದವನು ನಾನು. ಆ ಮಾತಿನಿಂದ ಒಂದು ಮಗುವಿಗಾದರೂ ಉಪಯೋಗವಾಗಿತ್ತೋ ಇಲ್ಲವೋ ಎಂದು ಈಗ ಅನುಮಾನ ಬಂದಿದೆ. ಆದ್ದರಿಂದ "ಧೈರ್ಯವಾಗಿರಿ" ಎಂಬುದನ್ನು ಬಿಟ್ಟು, ಈ ಹಾದಿಯಲ್ಲಿ ನಡೆದವರು ಏನು ಮಾಡಿದಿರಿ ಎಂಬುದನ್ನು ತಿಳಿಸಬೇಕಾಗಿ ವಿನಂತಿ.

ಹೊಸಪೇಟೆ ಹುಡುಗ

ಸರ್, ದೇವರ ಮೇಲೆ ಭಾರ ಹಾಕಿ ಧೈರ್ಯವಾಗಿರಿ. ಎಲ್ಲ ಒಳ್ಳೆಯದಾಗುತ್ತದೆ.

ತುಂಗೆಯ ದಡ

ಧನ್ಯವಾದ ತಮ್ಮಾ. ಪ್ರಶ್ನೆಯ ಕೊನೆಯ ಸಾಲನ್ನು ಇನ್ನೊಮ್ಮೆ ಓದಿದರೆ ಸಾಕು.

ಹಸಿರು ಬಟ್ಟೆ

ಮೇಷ್ಟ್ರೇ, ನಾನು ಹುಬ್ಬಳ್ಳಿಯ ಕಣ್ಣಿನ ಆಸ್ಪತ್ರೆಯೊಂದರ ಆಪರೇಷನ್ ಥಿಯೇಟರಿನಲ್ಲಿ ಹದಿನಾಲ್ಕು ವರ್ಷದಿಂದ ಸಿಸ್ಟರ್ ಆಗಿ ಕೆಲಸ ಮಾಡುತ್ತಿದ್ದೇನೆ. ನಿಮ್ಮ ಪ್ರಶ್ನೆಯನ್ನು ವಾರಕ್ಕೆ ನಾಲ್ಕೈದು ಮಂದಿ ನನ್ನಲ್ಲಿ ಕೇಳುತ್ತಾರೆ. ಕೇಳದೆ ಮನಸ್ಸಿನಲ್ಲೇ ಇಟ್ಟುಕೊಳ್ಳುವವರು ಅದಕ್ಕಿಂತ ಹೆಚ್ಚು. ನಿಮ್ಮ ಮೂರು ಅನುಮಾನಗಳಿಗೂ ಉತ್ತರ ಹೇಳುತ್ತೇನೆ.

ಮೊದಲು ರೆಪ್ಪೆಯ ವಿಚಾರ. ಮುಖ ಶುಚಿ ಮಾಡಿ ಬಟ್ಟೆ ಹೊದಿಸಿದ ಮೇಲೆ, ಮೇಲಿನ ಮತ್ತು ಕೆಳಗಿನ ರೆಪ್ಪೆಗಳ ನಡುವೆ ತಂತಿಯ ಸಣ್ಣ ಕ್ಲಿಪ್ ಒಂದನ್ನು ಇಡುತ್ತಾರೆ. ಅದು ರೆಪ್ಪೆಗಳನ್ನು ತೆರೆದೇ ಹಿಡಿದಿರುತ್ತದೆ. ನೀವು ಎಷ್ಟೇ ಪ್ರಯತ್ನಿಸಿದರೂ ಕಣ್ಣು ಮುಚ್ಚುವುದಿಲ್ಲ, ಆದ್ದರಿಂದ ತೆರೆದಿಡಬೇಕೆಂಬ ಹೊಣೆ ನಿಮ್ಮದಲ್ಲವೇ ಅಲ್ಲ. ಆದರೆ ಬಿಗಿಯಾಗಿ ಹಿಂಡಲು ಹೋದರೆ ಕಣ್ಣಿನ ಮೇಲೆ ಒತ್ತಡ ಬಿದ್ದು ಡಾಕ್ಟರಿಗೆ ಕೆಲಸ ಕಷ್ಟವಾಗುತ್ತದೆ. ಅದಕ್ಕೆ ನಾನು ಹೇಳಿಕೊಡುವ ಉಪಾಯ ಇಷ್ಟೇ: ಇನ್ನೊಂದು ಕಣ್ಣನ್ನೂ ಬಟ್ಟೆಯ ಕೆಳಗೆ ತೆರೆದುಕೊಂಡೇ ಇರಿ, ಹಲ್ಲು ಕಚ್ಚಬೇಡಿ, ದವಡೆಯನ್ನು ಸಡಿಲ ಬಿಡಿ. ದವಡೆ ಸಡಿಲವಾದರೆ ಹುಬ್ಬೂ ಸಡಿಲವಾಗುತ್ತದೆ.

ಉಪಕರಣ ಬರುವುದು ಸಾಮಾನ್ಯವಾಗಿ ಕಾಣುವುದಿಲ್ಲ. ಇದನ್ನು ಹೇಳಿದರೆ ಯಾರೂ ನಂಬುವುದಿಲ್ಲ. ಮೈಕ್ರೋಸ್ಕೋಪಿನ ದೀಪ ಅಷ್ಟು ಪ್ರಖರವಾಗಿರುತ್ತದೆ, ಪಾಪೆಯನ್ನು ಮೊದಲೇ ಹನಿ ಹಾಕಿ ಹಿಗ್ಗಿಸಿರುತ್ತಾರೆ, ಹಾಗಾಗಿ ಬೆಳಕಿನ ಆಚೆ ಏನೂ ತೋರುವುದಿಲ್ಲ. ಮುಂದೆ ಪೊರೆ ಕರಗುತ್ತಾ ಹೋದಂತೆ ಬೆಳಕು ನೀಲಿ, ಗುಲಾಬಿ, ಹಳದಿಯಾಗಿ ನೀರಿನೊಳಗೆ ತೇಲುವಂತೆ ಕಾಣುತ್ತದೆ ಎಂದು ಅನೇಕರು ಹೇಳಿದ್ದಾರೆ. ಕೆಲವರಿಗೆ ನೆರಳು ಓಡಾಡಿದ ಹಾಗೆ ಅನ್ನಿಸಬಹುದು. ಕತ್ತಿ, ಸೂಜಿ ಎಂದು ಗುರುತು ಹಿಡಿಯುವಂಥದ್ದು ಕಂಡಿತೆಂದು ಹೇಳಿದವರು ನನ್ನ ಅನುಭವದಲ್ಲಿ ಇಲ್ಲ.

ಇನ್ನು ಕೆಮ್ಮು. ಬಂದರೆ ತಡೆಯಬೇಡಿ, ಆದರೆ ಮುಂಚೆ ಹೇಳಿ. "ಕೆಮ್ಮು" ಎಂಬ ಒಂದು ಪದ ಸಾಕು. ಡಾಕ್ಟರು ಒಂದೆರಡು ಸೆಕೆಂಡಿನಲ್ಲಿ ಉಪಕರಣ ಹೊರಗೆ ತೆಗೆಯುತ್ತಾರೆ, ನೀವು ಕೆಮ್ಮುತ್ತೀರಿ, ಮತ್ತೆ ಕೆಲಸ ಮುಂದುವರಿಯುತ್ತದೆ. ಗಾಯದ ಬಾಯಿ ಮೂರು ಮಿಲಿಮೀಟರಿಗಿಂತ ಕಡಿಮೆ, ಹೊಲಿಗೆಯಿಲ್ಲದೆ ತಾನೇ ಕೂಡಿಕೊಳ್ಳುವಂತೆ ಓರೆಯಾಗಿ ಮಾಡಿರುತ್ತಾರೆ. ಅಪಾಯವಿರುವುದು ಹೇಳದೆ ಕೇಳದೆ ತಲೆಯನ್ನು ಎತ್ತುವುದರಲ್ಲಿ, ಕೈಯನ್ನು ಮುಖದ ಕಡೆಗೆ ತರುವುದರಲ್ಲಿ. ಕಣ್ಣುಗುಡ್ಡೆ ಸ್ವಲ್ಪ ಹೊರಳಿದರೆ ಡಾಕ್ಟರ ಎಡಗೈಯಲ್ಲಿರುವ ಇನ್ನೊಂದು ಉಪಕರಣ ಅದನ್ನು ನಿಲ್ಲಿಸಿ ಹಿಡಿದಿರುತ್ತದೆ. ಮನುಷ್ಯರು ಅಲ್ಲಾಡುತ್ತಾರೆ ಎಂದು ತಿಳಿದುಕೊಂಡೇ ಈ ಕೆಲಸದ ರೀತಿಯನ್ನೆಲ್ಲ ರೂಪಿಸಿದ್ದಾರೆ, ಮೇಷ್ಟ್ರೇ. ಕಲ್ಲಿನ ಹಾಗೆ ಮಲಗಿದ ಒಬ್ಬರನ್ನೂ ನಾನು ನೋಡಿಲ್ಲ.

ಮೈಗೆ ಏನೇನು ತಿಳಿಯುತ್ತದೆ ಎಂಬುದನ್ನೂ ಹೇಳಿಬಿಡುತ್ತೇನೆ. ಮರಗಟ್ಟಿಸುವ ಹನಿ ಮೊದಲ ಸಲ ಕೆಲವು ಸೆಕೆಂಡು ಉರಿಯುತ್ತದೆ. ಕಂದು ಬಣ್ಣದ ಅಯೋಡಿನ್ ದ್ರಾವಣ ತಣ್ಣಗಿರುತ್ತದೆ. ನಡುವೆ ನೀರು ಹರಿದು ಕೆನ್ನೆಯ ಕಡೆಗೆ ಇಳಿಯುತ್ತದೆ. ಯಂತ್ರ ಡಾಕ್ಟರ ಕಾಲಿನ ಒತ್ತಿಗೆ ತಕ್ಕಂತೆ ಬೇರೆ ಬೇರೆ ಸ್ವರದಲ್ಲಿ ಗುಂಯ್‌ಗುಡುತ್ತದೆ, ಮಾತನಾಡುತ್ತದೆ. ಹಲ್ಲಿನ ಡಾಕ್ಟರ ಹತ್ತಿರ ಕೂತ ನೆನಪಾಗಬಹುದು. ಅದು ಸಹಜವೇ, ಏಕೆಂದರೆ ಪೊರೆಯನ್ನು ಅತಿವೇಗದ ಕಂಪನದಿಂದ ಪುಡಿ ಮಾಡಿ ಹೀರಿ ತೆಗೆಯುವ ಈ ಫೇಕೋ ವಿಧಾನವನ್ನು 1967ರಲ್ಲಿ ನ್ಯೂಯಾರ್ಕಿನಲ್ಲಿ ಮೊದಲು ಮಾಡಿದ ಚಾರ್ಲ್ಸ್ ಕೆಲ್ಮನ್ ಅವರಿಗೆ ಅದರ ಕಲ್ಪನೆ ಹೊಳೆದದ್ದೇ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಕೂತು ಹಲ್ಲು ಶುಚಿ ಮಾಡುವ ಯಂತ್ರವನ್ನು ನೋಡಿದಾಗ. ಕೊನೆಗೆ ಪೊರೆಯ ಜಾಗಕ್ಕೆ ಹಾಕುವ ಕೃತಕ ಲೆನ್ಸ್ ಒಳಗೆ ಹೋಗುವಾಗ ಬೆರಳಿನಿಂದ ಒತ್ತಿದಂಥ ಭಾರ ಒಂದು ಕ್ಷಣ ತಿಳಿಯುತ್ತದೆ. ಎಲ್ಲಕ್ಕಿಂತ ಹೆಚ್ಚು ಜನ "ಅಯ್ಯೋ" ಎನ್ನುವುದು ಎಲ್ಲ ಮುಗಿದ ಮೇಲೆ ಅಂಟಿನ ಹಾಳೆಯನ್ನು ಹುಬ್ಬಿನಿಂದ ಕೀಳುವಾಗ.

ಮಲೆನಾಡಿನ ಮಳೆ

ಹಸಿರು ಬಟ್ಟೆಯವರು ಬರೆದದ್ದು ನನಗೆ ಮೂರು ವರ್ಷದ ಹಿಂದೆ ಸಿಕ್ಕಿದ್ದರೆ ಚೆನ್ನಾಗಿತ್ತು. ನನ್ನದು ಬೇರೆ ಭಯ: ಉಸಿರು ಕಟ್ಟುವ ಭಯ. ಲಿಫ್ಟಿನಲ್ಲಿ ಹೋಗುವುದಕ್ಕೂ ಹಿಂಜರಿಯುವವಳು ನಾನು, ಆದರೆ ಇದನ್ನು ಯಾರಿಗೂ ಹೇಳಿರಲಿಲ್ಲ. ಅರವತ್ತು ದಾಟಿದ ಹೆಂಗಸು ಮುಖದ ಮೇಲೆ ಬಟ್ಟೆ ಹಾಕಿದರೆ ಹೆದರುತ್ತೇನೆ ಎಂದು ಹೇಳಿಕೊಳ್ಳುವುದು ನಾಚಿಕೆ ಎನ್ನಿಸಿತು. ಅಂಟಿನ ಹಾಳೆಯನ್ನು ಮುಖಕ್ಕೆ ಹಚ್ಚಿ, ಬಾಯಿ ಮೂಗು ಎಲ್ಲ ಮುಚ್ಚಿದ ಮೇಲೆ, ನನ್ನದೇ ಬಿಸಿ ಉಸಿರು ನನಗೇ ಬಡಿಯತೊಡಗಿತು. ಒಂದು ನಿಮಿಷವೂ ಆಗಿರಲಿಲ್ಲ, ಕೈ ತಾನಾಗಿ ಮೇಲೆ ಹೋಗಿ ಹಾಳೆಯನ್ನು ಕಿತ್ತುಬಿಟ್ಟೆ. ಶಸ್ತ್ರಚಿಕಿತ್ಸೆ ಇನ್ನೂ ಶುರುವಾಗಿರಲಿಲ್ಲ ಎಂಬುದೊಂದು ಪುಣ್ಯ. ಅಲ್ಲಿದ್ದವರೊಬ್ಬರು "ಏನಮ್ಮಾ, ಚಿಕ್ಕ ಮಗುವಾ ನೀವು" ಎಂದು ಗದರಿದರು. ಆಸ್ಪತ್ರೆಯ ಹೆಸರು ಹೇಳುವುದಿಲ್ಲ. ಆ ಮಾತು ಮಾತ್ರ ಇನ್ನೂ ಕಿವಿಯಲ್ಲಿದೆ. ಎಲ್ಲವನ್ನೂ ಮತ್ತೆ ಶುಚಿ ಮಾಡಿ, ಹೊಸ ಹಾಳೆ ಹಚ್ಚಿ, ಅರ್ಧ ಗಂಟೆ ತಡವಾಗಿ ನಡೆಯಿತು.

ಎರಡನೆಯ ಕಣ್ಣಿಗೆ ಬೇರೆ ಕಡೆ ಹೋದೆ. ಈ ಸಲ ಮೊದಲ ಭೇಟಿಯಲ್ಲೇ ಡಾಕ್ಟರಿಗೆ ನಡೆದದ್ದನ್ನೆಲ್ಲ ಹೇಳಿದೆ. ಅವರು ನಗಲಿಲ್ಲ. ಎದೆಯ ಮೇಲೆ ಕಮಾನಿನಂಥ ಸರಳು ಇಟ್ಟು ಬಟ್ಟೆ ಮೂಗಿಗೆ ತಾಗದಂತೆ ಡೇರೆಯ ಹಾಗೆ ಎತ್ತಿ ಕಟ್ಟಿದರು, ಗಲ್ಲದ ಬಳಿ ಆಕ್ಸಿಜನ್ನಿನ ಕೊಳವೆ ಇಟ್ಟರು, ತಂಪು ಗಾಳಿ ಮುಖಕ್ಕೆ ಬರುತ್ತಲೇ ಇತ್ತು. ನಾನೂ ಮನೆಯಲ್ಲಿ ಹತ್ತು ದಿನ ಅಭ್ಯಾಸ ಮಾಡಿದ್ದೆ: ಮಧ್ಯಾಹ್ನ ಅಂಗಾತ ಮಲಗಿ ತೆಳ್ಳನೆಯ ಪಂಚೆಯನ್ನು ಮುಖದ ಮೇಲೆ ಹಾಕಿಕೊಂಡು, ಮೊದಲ ದಿನ ಒಂದು ನಿಮಿಷ, ಮರುದಿನ ಎರಡು, ಹೀಗೆ ಹದಿನೈದು ನಿಮಿಷದವರೆಗೆ ಬೆಳೆಸಿದೆ. ಮೊದಲೆರಡು ದಿನ ಎದೆ ಹೊಡೆದುಕೊಂಡಿತು. ಆರನೆಯ ದಿನ ಪಂಚೆಯ ಕೆಳಗೆ ನಿದ್ದೆ ಹೋಗಿ, ಮೊಮ್ಮಗ ಬಂದು ನೋಡಿ ಕಿರುಚಿಕೊಂಡ.

ತುಂಗೆಯ ದಡ

ಇಬ್ಬರಿಗೂ ಕೈ ಮುಗಿಯುತ್ತೇನೆ. ರೆಪ್ಪೆಯ ಹೊಣೆ ನನ್ನದಲ್ಲ ಎಂದು ಓದಿದಾಗ ಅರ್ಧ ಭಾರ ಇಳಿಯಿತು. ಇನ್ನೊಂದು ಸಂದೇಹ. ಮಂಪರು ಬರುವ ಮಾತ್ರೆಯನ್ನೋ ಇಂಜೆಕ್ಷನ್ನನ್ನೋ ಕೇಳಿ ಪಡೆಯಬಹುದಲ್ಲ? ಅರೆನಿದ್ದೆಯಲ್ಲಿದ್ದರೆ ಒಳ್ಳೆಯದಲ್ಲವೇ?

ಅರಿವಳಿಕೆಯವನು

ಕೇಳಬಹುದು, ಮತ್ತು ಕೇಳುವುದರಲ್ಲಿ ನಾಚಿಕೆಯೇನಿಲ್ಲ. ಅರಿವಳಿಕೆ ತಜ್ಞನಾಗಿ ಕಣ್ಣಿನ ಶಸ್ತ್ರಚಿಕಿತ್ಸೆಗಳಲ್ಲಿ ನಿಂತು ನೋಡಿದ ಅನುಭವದಿಂದ ಒಂದು ಎಚ್ಚರಿಕೆಯನ್ನು ಮಾತ್ರ ಹೇಳುತ್ತೇನೆ. ಮಿತವಾದ ಪ್ರಮಾಣದಲ್ಲಿ ಕೊಟ್ಟ ಔಷಧ ಮನಸ್ಸಿನ ಬಿಗಿಯನ್ನು ಇಳಿಸುತ್ತದೆ, ನೀವು ಮಾತಿಗೆ ಸ್ಪಂದಿಸುತ್ತಲೇ ಇರುತ್ತೀರಿ. ಅದೇ ಔಷಧ ಸ್ವಲ್ಪ ಹೆಚ್ಚಾದರೆ ನಿದ್ದೆ ಬರುತ್ತದೆ, ಗೊರಕೆ ಬರುತ್ತದೆ, ತಲೆ ಆ ಗೊರಕೆಯ ತಾಳಕ್ಕೆ ಅಲ್ಲಾಡುತ್ತದೆ; ಅದಕ್ಕಿಂತ ಕೆಟ್ಟದ್ದೆಂದರೆ, ಮನುಷ್ಯ ತಟ್ಟನೆ ಎಚ್ಚರಗೊಂಡು, ತಾನು ಎಲ್ಲಿದ್ದೇನೆಂದು ತಿಳಿಯದೆ, ಮೇಲೇಳಲು ಹೋಗುತ್ತಾನೆ. ನೀವು ಯಾವುದಕ್ಕೆ ಹೆದರುತ್ತಿದ್ದೀರೋ ಅದು ಪೂರ್ತಿ ಎಚ್ಚರವಿದ್ದವರಿಗಿಂತ ಅರೆನಿದ್ದೆಯಲ್ಲಿದ್ದವರಲ್ಲೇ ಆಗುವ ಸಂಭವ ಹೆಚ್ಚು. ಆದ್ದರಿಂದ ಎಚ್ಚರವಾಗಿರುವುದನ್ನು ದಯವಿಟ್ಟು ಶಿಕ್ಷೆ ಎಂದು ಭಾವಿಸಬೇಡಿ. ವೈದ್ಯರು "ಸ್ವಲ್ಪ ಕೆಳಗೆ ನೋಡಿ" ಎಂದಾಗ ನೋಡಬಲ್ಲ ರೋಗಿ ಅವರಿಗೆ ದೊಡ್ಡ ಸಹಾಯ.

ಹನಿಯೊಂದರಿಂದಲೇ ಆಗದು ಎನ್ನುವಷ್ಟು ಭಯವಿದ್ದರೆ, ಅಥವಾ ಪೊರೆ ಬಹಳ ಗಟ್ಟಿಯಾಗಿದ್ದರೆ, ಕಣ್ಣಿನ ಸುತ್ತ ಇಂಜೆಕ್ಷನ್ ಕೊಡುವ ಪದ್ಧತಿಯೂ ಇದೆ. ಆಗ ಗುಡ್ಡೆಯ ಚಲನೆಯೇ ನಿಂತುಹೋಗುತ್ತದೆ, ಕೆಲವು ಗಂಟೆ ದೃಷ್ಟಿಯೂ ಮಂಕಾಗಬಹುದು. ಚುಚ್ಚುವ ಆ ಹತ್ತು ಸೆಕೆಂಡು ಹಿತವಲ್ಲ, ನಂತರ ನಿಶ್ಚಿಂತೆ. ಹನಿಯೋ ಇಂಜೆಕ್ಷನ್ನೋ ಎಂಬುದನ್ನು ನಿಮ್ಮ ಭಯವನ್ನೂ ಲೆಕ್ಕಕ್ಕೆ ತೆಗೆದುಕೊಂಡೇ ನಿರ್ಧರಿಸಬೇಕು. ನೀವು ಹೇಳದಿದ್ದರೆ ಅವರು ಹೇಗೆ ತೆಗೆದುಕೊಳ್ಳಬೇಕು?

ಹನಿಯ ಮೇಲೆ ನಂಬಿಕೆ ಬಾರದವರಿಗೆ ಒಂದು ಹಳೆಯ ವಿಚಾರ. 1884ರವರೆಗೆ ಇದೇ ಪೊರೆಯ ಶಸ್ತ್ರಚಿಕಿತ್ಸೆಯನ್ನು ಕಣ್ಣನ್ನು ಮರಗಟ್ಟಿಸದೆಯೇ ಮಾಡುತ್ತಿದ್ದರು. ಆ ವರ್ಷ ವಿಯೆನ್ನಾದಲ್ಲಿ ಕಾರ್ಲ್ ಕೊಲ್ಲರ್ ಎಂಬ ತರುಣ ವೈದ್ಯ, ಕೊಕೇನ್ ದ್ರಾವಣದ ಹನಿಯನ್ನು ಮೊದಲು ಕಪ್ಪೆಯ ಕಣ್ಣಿಗೆ, ಆಮೇಲೆ ತನ್ನದೇ ಕಣ್ಣಿಗೆ ಹಾಕಿಕೊಂಡು, ಗುಂಡುಸೂಜಿಯ ತಲೆಯಿಂದ ಮುಟ್ಟಿ ನೋಡಿ, ಏನೂ ತಿಳಿಯುವುದಿಲ್ಲವೆಂದು ಖಚಿತಪಡಿಸಿಕೊಂಡ. ದೇಹದ ಒಂದು ಭಾಗವನ್ನಷ್ಟೇ ಮರಗಟ್ಟಿಸಿ ಮನುಷ್ಯನನ್ನು ಎಚ್ಚರವಾಗಿಡುವ ವಿದ್ಯೆ ವೈದ್ಯಲೋಕದಲ್ಲಿ ಬೆಳೆದದ್ದೇ ಕಣ್ಣಿನಿಂದ. ಇಂದಿನ ಹನಿಯ ಔಷಧ ಬೇರೆ, ತತ್ವ ಅದೇ.

ವಿಷಯಕ್ಕೆ ಸ್ವಲ್ಪ ಹೊರಗಿನದಾದರೂ ಹೇಳಲೇಬೇಕು: ಪ್ರಾಸ್ಟೇಟಿಗೆಂದು ಟ್ಯಾಮ್ಸುಲೋಸಿನ್ ಮಾತ್ರೆ ನುಂಗುತ್ತಿರುವವರು, ಹಿಂದೆ ನುಂಗಿದ್ದವರು ಕೂಡ, ಕಣ್ಣಿನ ಡಾಕ್ಟರಿಗೆ ತಿಳಿಸಿ; ಅದು ಪಾಪೆಯ ವರ್ತನೆಯನ್ನು ಬದಲಿಸುತ್ತದೆ, ತಿಳಿದಿದ್ದರೆ ಅವರು ಸಿದ್ಧರಾಗಿರುತ್ತಾರೆ. ಬಿ.ಪಿ., ಶುಗರ್ ಮಾತ್ರೆಗಳನ್ನು ಅಂದು ಬೆಳಿಗ್ಗೆ ಹೇಗೆ ತೆಗೆದುಕೊಳ್ಳಬೇಕೆಂದು ಕೇಳಿ ಬರೆದಿಟ್ಟುಕೊಳ್ಳಿ. ಭಯಕ್ಕೆ ಬಿ.ಪಿ. ಏರಿ, ಅಂದಿನ ಶಸ್ತ್ರಚಿಕಿತ್ಸೆ ಮುಂದಕ್ಕೆ ಹೋಗಿ, ಅದೇ ಭಯವನ್ನು ಇನ್ನೂ ಹದಿನೈದು ದಿನ ಹೊತ್ತು ತಿರುಗಿದವರನ್ನು ಕಂಡಿದ್ದೇನೆ.

ರಾಯಚೂರು ಬಿಸಿಲು

ನನ್ನದು ಕಣ್ಣಲ್ಲ, ಹೃದಯ. ಆದರೆ ಅದೂ ಎಚ್ಚರವಿದ್ದೇ ಮಾಡುವಂಥದ್ದಾದ್ದರಿಂದ ಬರೆಯುತ್ತಿದ್ದೇನೆ. ಕಳೆದ ವರ್ಷ ಮಣಿಕಟ್ಟಿನ ರಕ್ತನಾಳದ ಮೂಲಕ ಆಂಜಿಯೋಗ್ರಾಂ ಆಯಿತು. ನನ್ನ ಕಾಯಿಲೆ ಎಂದರೆ, ರಕ್ತವನ್ನೋ ಸೂಜಿಯನ್ನೋ ಕಂಡರೆ ಕಣ್ಣು ಕತ್ತಲಿಟ್ಟು ಬೀಳುವುದು. ಜನ ಇದನ್ನು ಪುಕ್ಕಲುತನ ಎನ್ನುತ್ತಾರೆ. ಬೇರೆ ಭಯಗಳಲ್ಲಿ ಬಿ.ಪಿ. ಏರಿದರೆ ಈ ಬಗೆಯ ಭಯದಲ್ಲಿ ಮೊದಲು ಏರಿ ಆಮೇಲೆ ಸರ್ರನೆ ಇಳಿಯುತ್ತದೆ, ಅದಕ್ಕೇ ತಲೆ ತಿರುಗುವುದು ಎಂದು ನನ್ನ ವೈದ್ಯರು ವಿವರಿಸಿದರು. ಹಾಗಾಗಿ ನಮ್ಮಂಥವರಿಗೆ "ಮೈ ಸಡಿಲ ಬಿಡಿ" ಎಂಬ ಉಪದೇಶ ಉಲ್ಟಾ ಹೊಡೆಯುತ್ತದೆ. ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಲಾರ್ಸ್-ಯೋರಾನ್ ಓಸ್ಟ್ 1980ರ ದಶಕದಲ್ಲಿ ರೂಪಿಸಿದ ಅಭ್ಯಾಸವನ್ನು ಅವರೇ ಕಲಿಸಿಕೊಟ್ಟರು: ತೋಳು, ತೊಡೆ, ಹೊಟ್ಟೆಯ ಸ್ನಾಯುಗಳನ್ನು ಹತ್ತು ಹದಿನೈದು ಸೆಕೆಂಡು, ಮುಖಕ್ಕೆ ಬಿಸಿ ಏರುವವರೆಗೆ ಬಿಗಿಹಿಡಿಯುವುದು, ನಂತರ ಅರ್ಧ ನಿಮಿಷ ಸಹಜ ಸ್ಥಿತಿಗೆ ಬರುವುದು, ಹೀಗೆ ಐದು ಸಲ. ಹೃದಯದ ತೊಂದರೆಯವರು ವೈದ್ಯರನ್ನು ಕೇಳದೆ ಮಾಡಬಾರದು, ನನಗೆ ಅವರೇ ಅನುಮತಿ ಕೊಟ್ಟಿದ್ದರು. ಕಾಯುವ ಕೋಣೆಯಲ್ಲಿ ಕೂತು ಮಾಡಿದೆ, ಬೀಳಲಿಲ್ಲ.

ಒಳಗೆ ತಿಳಿದದ್ದು ಮಣಿಕಟ್ಟಿನ ಚುಚ್ಚುವಿಕೆ ಮತ್ತು ತೋಳಿನಲ್ಲಿ ಒಂದಿಷ್ಟು ಎಳೆತ, ಅಷ್ಟೇ. ರಕ್ತನಾಳದ ಒಳಗೆ ತಂತಿ ಸಾಗುವುದು ಗೊತ್ತೇ ಆಗಲಿಲ್ಲ. ಜರ್ಮನಿಯ ವರ್ನರ್ ಫೋರ್ಸ್‌ಮನ್ ಎಂಬ ವೈದ್ಯರು 1929ರಲ್ಲಿ ತಮ್ಮದೇ ತೋಳಿನ ನಾಳದಿಂದ ಹೃದಯದವರೆಗೆ ಕೊಳವೆ ತೂರಿಸಿಕೊಂಡು, ಎಕ್ಸ್‌ರೇ ಕೋಣೆಗೆ ನಡೆದುಕೊಂಡೇ ಹೋಗಿ ಚಿತ್ರ ತೆಗೆಸಿಕೊಂಡಿದ್ದರಂತೆ. 1956ರಲ್ಲಿ ನೊಬೆಲ್ ಬಂತು. ಅದನ್ನು ಓದಿದ ಮೇಲೆ ನನಗೆ ನಾಚಿಕೆಯಾಯಿತೇ ಹೊರತು ಭಯವೇನೂ ಕಡಿಮೆಯಾಗಲಿಲ್ಲ ಎಂದು ಪ್ರಾಮಾಣಿಕವಾಗಿ ಹೇಳುತ್ತೇನೆ. ಕೆಲಸಕ್ಕೆ ಬಂದದ್ದು ಸ್ನಾಯು ಬಿಗಿಹಿಡಿಯುವ ಅಭ್ಯಾಸ.

ಧಾರವಾಡದ ಮಗಳು

ಎಲ್ಲರೂ "ವಿವರವಾಗಿ ತಿಳಿದುಕೊಳ್ಳಿ" ಎನ್ನುತ್ತಿರುವುದರಿಂದ ನಾನು ಎದುರು ಮಾತೊಂದನ್ನು ಹೇಳುತ್ತೇನೆ. ನಮ್ಮ ಅವ್ವನಿಗೆ 78 ವರ್ಷವಾಗಿದ್ದಾಗ ಇದೇ ಶಸ್ತ್ರಚಿಕಿತ್ಸೆ ಆಯಿತು. ನಾನು ಅತಿ ಉತ್ಸಾಹದಿಂದ ಮೊಬೈಲಿನಲ್ಲಿ ಶಸ್ತ್ರಚಿಕಿತ್ಸೆಯ ವಿಡಿಯೋ ತೋರಿಸಿದೆ, ಕ್ಲಿಪ್ ಹೇಗಿರುತ್ತದೆ, ಎಲ್ಲಿ ಕೊಯ್ಯುತ್ತಾರೆ ಎಂದೆಲ್ಲ ವಿವರಿಸಿದೆ. ಆಕೆ ಎರಡು ದಿನ ಊಟ ಬಿಟ್ಟಳು. ಕೊನೆಗೆ "ನನಗ ಏನೂ ಹೇಳಬ್ಯಾಡ, ಎಷ್ಟು ಹೊತ್ತು ಮಲಗಬೇಕು ಅಷ್ಟು ಹೇಳು" ಎಂದಳು. ಕೆಲವರಿಗೆ ತಿಳಿವಳಿಕೆ ಆಸರೆ, ಕೆಲವರಿಗೆ ಅದೇ ಹೊರೆ. ಹೆದರಿದವರನ್ನು ಮೊದಲು ಕೇಳಬೇಕಾದದ್ದು "ನಿಮಗೆ ಎಷ್ಟು ತಿಳಿಯಬೇಕು" ಎಂಬುದನ್ನು. ನಾನು ಕೇಳಿರಲಿಲ್ಲ. ವಿಡಿಯೋಗಳನ್ನಂತೂ ಯಾರೂ ನೋಡಬೇಡಿ. ಅಲ್ಲಿ ಕಾಣುವುದು ಡಾಕ್ಟರಿಗೆ ಕಾಣುವ ಕಣ್ಣು, ಮಲಗಿದವರಿಗೆ ಕಾಣುವುದು ಬೆಳಕು ಮಾತ್ರ.

ಅವ್ವನ ಭಯಕ್ಕೆ ಒಂದು ಬೇರು ಇತ್ತೆಂದು ಆಮೇಲೆ ಗೊತ್ತಾಯಿತು. ಆಕೆಯ ತಾಯಿಗೆ ಪೊರೆ ತೆಗೆದದ್ದು ಡಾ. ಎಂ. ಸಿ. ಮೋದಿಯವರ ಶಿಬಿರವೊಂದರಲ್ಲಿ. ನಮ್ಮ ಕಡೆ ಹಿರಿಯರು ಅವರನ್ನು "ಕಣ್ಣು ಕೊಟ್ಟ ಅಣ್ಣ" ಎಂದೇ ನೆನೆಯುತ್ತಾರೆ; ಒಂದೇ ದಿನದಲ್ಲಿ ನೂರಾರು ಜನರಿಗೆ ಶಸ್ತ್ರಚಿಕಿತ್ಸೆ ಮಾಡುತ್ತಿದ್ದರು. ಆ ಕಾಲದ ವಿಧಾನದಲ್ಲಿ ಗಾಯ ದೊಡ್ಡದು, ಆದ್ದರಿಂದ ಆಮೇಲೆ ದಿನಗಟ್ಟಲೆ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಅಲ್ಲಾಡದೆ ಮಲಗಬೇಕಿತ್ತು. "ನಿಮ್ಮಜ್ಜಿ ಕೆಮ್ಮಲಿಕ್ಕೂ ಹೆದರತಿದ್ಲು" ಎಂದು ಅವ್ವ ಹೇಳಿದಳು. ಅಂದು ಅಜ್ಜಿಗೆ ಕೊಟ್ಟ ಎಚ್ಚರಿಕೆಯನ್ನು ಮಗಳು ಅರವತ್ತು ವರ್ಷ ಜತನದಿಂದ ಇಟ್ಟುಕೊಂಡಿದ್ದಳು! ಮೇಷ್ಟ್ರೇ, ನಿಮ್ಮ ಕೆಮ್ಮಿನ ಭಯವೂ ಹೀಗೆ ಯಾರಿಂದಲೋ ಬಂದದ್ದೇನೋ, ಒಮ್ಮೆ ನೆನಪು ಮಾಡಿಕೊಳ್ಳಿ.

ತುಂಗೆಯ ದಡ

ನೀವು ಬರೆದದ್ದನ್ನು ಓದಿ ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ನಮ್ಮ ದೊಡ್ಡಪ್ಪನಿಗೆ ಪೊರೆ ತೆಗೆದಾಗ ತಲೆಯ ಎರಡೂ ಬದಿಗೆ ಮರಳಿನ ಚೀಲ ಇಟ್ಟಿದ್ದರು. ನಾನಾಗ ಏಳೆಂಟು ವರ್ಷದವನು, ಬಾಗಿಲಲ್ಲಿ ನಿಂತು ನೋಡಿದ್ದೆ. ಮಾತನಾಡಿಸಬೇಡ, ನಗಿಸಬೇಡ ಎಂದು ಗದರಿ ಕಳಿಸಿದ್ದರು.

ತುಂಗೆಯ ದಡ (ಐದು ವಾರಗಳ ನಂತರ)

ಬಲಗಣ್ಣು ಆಯಿತು. ನಡೆದದ್ದನ್ನು ನಡೆದಂತೆ ಬರೆಯುತ್ತೇನೆ, ಮುಂದೆ ಹೋಗುವವರಿಗೆ ಬೇಕಾಗಬಹುದು.

ಹಿಂದಿನ ದಿನ ಒಂದು ಚೀಟಿಯಲ್ಲಿ ಮೂರು ಸಾಲು ಬರೆದುಕೊಂಡು ಹೋಗಿ ಡಾಕ್ಟರ ಕೈಗೆ ಕೊಟ್ಟೆ: ಅಲ್ಲಾಡುವ ಭಯವಿದೆ, ಕೆಮ್ಮು ಬಂದರೆ ಹೇಳುತ್ತೇನೆ, ಪ್ರತಿ ಹಂತಕ್ಕೂ ಮುಂಚೆ ಒಂದು ಮಾತು ಹೇಳಿ. ಬಾಯಲ್ಲಿ ಹೇಳಿದ್ದರೆ ನಾಲ್ಕನೆಯ ಪದಕ್ಕೆ ನಾಚಿಕೊಂಡು ನಿಲ್ಲಿಸುತ್ತಿದ್ದೆ. ಅವರು ಓದಿ, ಚೀಟಿಯನ್ನು ನನ್ನ ಫೈಲಿಗೇ ಪಿನ್ ಮಾಡಿದರು. ಬೆಳಿಗ್ಗೆ ಕಾಯುವ ಕೋಣೆಯಲ್ಲಿ ಮುಕ್ಕಾಲು ಗಂಟೆ ಕೂರಬೇಕಾಯಿತು. ನಿಜ ಹೇಳಬೇಕೆಂದರೆ ಇಡೀ ಪ್ರಸಂಗದಲ್ಲಿ ಅತ್ಯಂತ ಕಷ್ಟದ ಭಾಗ ಅದೇ. ಹತ್ತು ನಿಮಿಷಕ್ಕೊಮ್ಮೆ ಬಂದು ಹನಿ ಹಾಕಿ ಹೋಗುತ್ತಿದ್ದರು, ಪ್ರತಿ ಹನಿಗೂ ಎದ್ದು ಮನೆಗೆ ಹೋಗಿಬಿಡೋಣವೆನ್ನಿಸುತ್ತಿತ್ತು. ಎರಡು ಸಲ ಬಚ್ಚಲುಮನೆಗೆ ಹೋಗಿ ಬಂದೆ. ಇದೂ ಒಂದು ಸಲಹೆಯೇ: ಮೂತ್ರಕ್ಕೆ ಹೋಗಿ ಬಂದೇ ಮಲಗಿ.

ಒಳಗೆ ಮಲಗಿಸಿ ಮಂಡಿಯ ಕೆಳಗೆ ದಿಂಬು ಇಟ್ಟರು. ಸಿಸ್ಟರ್ ಒಬ್ಬರು ನನ್ನ ಎಡಗೈಯನ್ನು ಹಿಡಿದುಕೊಂಡು, "ಅಪ್ಪಾಜಿ, ಏನಾದರೂ ಬೇಕಾದರೆ ಒಮ್ಮೆ ಅದುಮಿ, ನಾನು ಡಾಕ್ಟರಿಗೆ ಹೇಳುತ್ತೇನೆ" ಎಂದರು. ನಾನು ಹತ್ತೊಂಬತ್ತರ ಮಗ್ಗಿಯನ್ನು ಹಿಂದಿನಿಂದ ಹೇಳಿಕೊಳ್ಳಲು ಶುರು ಮಾಡಿದೆ: ನೂರ ತೊಂಬತ್ತು, ನೂರ ಎಪ್ಪತ್ತೊಂದು, ನೂರ ಐವತ್ತೆರಡು. ಮುಂದಿನಿಂದ ಹೇಳುವ ಮಗ್ಗಿ ಬಾಯಿಪಾಠವಾದ್ದರಿಂದ ಮನಸ್ಸು ಅದರ ಪಕ್ಕದಲ್ಲೇ ಭಯವನ್ನೂ ಇಟ್ಟುಕೊಳ್ಳಬಲ್ಲದು. ಹಿಂದಿನಿಂದ ಹೇಳುವುದಕ್ಕೆ ಲೆಕ್ಕ ಹಾಕಲೇಬೇಕು. ಬೆಳಕು ನೀಲಿಯಾಗಿ ಹರಡಿದಾಗ ಮಾತ್ರ ಲೆಕ್ಕ ತಪ್ಪಿತು. ಅದನ್ನು ಬಿಟ್ಟು ಆ ಬಣ್ಣವನ್ನೇ ನೋಡುತ್ತಾ ಇದ್ದುಬಿಟ್ಟೆ.

ಕೆಮ್ಮು ಬಂತು! ಬರದೆ ಇರುತ್ತದೆಯೇ? ಕೈ ಅದುಮಿದೆ, ಸಿಸ್ಟರ್ "ಸರ್, ಕೆಮ್ಮು" ಎಂದರು, ಎರಡು ಕ್ಷಣ ಬಿಟ್ಟು ಡಾಕ್ಟರು "ಈಗ ಕೆಮ್ಮಿ ಮೇಷ್ಟ್ರೇ" ಎಂದರು. ಅನುಮತಿ ಸಿಕ್ಕಿದ ಮೇಲೆ ಕೆಮ್ಮು ಹೊರಟೇ ಹೋಯಿತು. ಒಟ್ಟು ಹದಿನಾರು ನಿಮಿಷವಾಯಿತೆಂದು ಹೊರಗಿದ್ದ ಮಗ ಹೇಳಿದ.

ಎಡಗಣ್ಣಿಗೆ ಇನ್ನು ಮೂರು ವಾರವಿದೆ. ವಿಚಿತ್ರವೆಂದರೆ, ಎಲ್ಲ ಗೊತ್ತಿದ್ದೂ ಮತ್ತೆ ಸಣ್ಣಗೆ ಭಯ ಶುರುವಾಗಿದೆ.

ಹಸಿರು ಬಟ್ಟೆ

ಆಗುತ್ತದೆ ಮೇಷ್ಟ್ರೇ. ಮೊದಲ ಸಲಕ್ಕಿಂತ ಎರಡನೆಯ ಸಲವೇ ಹೆಚ್ಚು ನೋವು ತಿಳಿಯಿತು, ಹೆಚ್ಚು ಹೊತ್ತು ಹಿಡಿಯಿತು ಎನ್ನುವವರು ಬಹಳ ಮಂದಿ, ನಾವು ಮಾಡುವುದು ಎರಡು ಸಲವೂ ಅದನ್ನೇ ಆದರೂ. ಮೊದಲ ಸಲ ಮನಸ್ಸೆಲ್ಲ ಭಯದ ಕಡೆಗಿರುತ್ತದೆ, ಎರಡನೆಯ ಸಲ ಬಿಡುವಾಗಿ ಪ್ರತಿಯೊಂದನ್ನೂ ಗಮನಿಸುತ್ತದೆ. ಸ್ವಲ್ಪ ಹೆಚ್ಚು ತಿಳಿದರೆ ಏನೋ ಕೆಟ್ಟಿತೆಂದು ಗಾಬರಿಯಾಗಬೇಡಿ, ಕೈ ಅದುಮಿ. ಇನ್ನೊಂದು ಹನಿ ಹಾಕುತ್ತಾರೆ. ಹಳೆಯ ಚೀಟಿ ಫೈಲಿನಲ್ಲಿದೆ ಎಂದು ಸುಮ್ಮನಿರದೆ ಹೊಸದೊಂದನ್ನು ಬರೆದುಕೊಂಡು ಹೋಗಿ, ಅಂದು ಡ್ಯೂಟಿಯಲ್ಲಿರುವವರು ಬೇರೆ ಸಿಸ್ಟರ್ ಆಗಿರಬಹುದು.

ತುಂಗೆಯ ದಡ

ಬರೆದಿಟ್ಟೆ ತಾಯೀ. ಈ ಸಲ ಇಪ್ಪತ್ತಮೂರರ ಮಗ್ಗಿ.